ಧ್ವನಿಯ ಪರೀಕ್ಷೆಯೋ, ಕಿವಿಯ ಪರೀಕ್ಷೆಯೋ?

ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿ ನೋಡುವರು. ರತ್ನವನ್ನು ಬೆಳಕಿಗೆ ಹಿಡಿದು ನೋಡುವರು. ಗಡಿಗೆಯನ್ನು ಬೆರಳಿನಿಂದ ಬಾರಿಸಿ ನೋಡುವರು. ಆದರೆ ಬಾರಿಸಿದ ಸಪ್ಪಳವನ್ನು ಕೇಳುವ ಕಿವಿಯನ್ನು ಪರೀಕ್ಷಿಸುವವರು ಯಾರು? ಗಡಿಗೆ ಒಡಕಿದ್ದರೆ ಕುಂಬಾರನನ್ನು ಬಯ್ಯುವೆವು. ಕಿವಿಯೇ ಒಡಕಾಗಿದ್ದರೆ ಯಾರನ್ನು ಬಯ್ಯುವದು? ಈ ಪ್ರಶ್ನೆಯು ನನಗೆ ಅರವತ್ತು ವರ್ಷಗಳ ವರೆಗೆ ಹೊಳೆದಿರಲಿಲ್ಲ. ಹೊಳೆದದ್ದು ಒಂದು ಜೋಡಿ ಸ್ಪೀಕರುಗಳ ನಿಮಿತ್ತದಿಂದ. ಆ ಪ್ರಸಂಗವನ್ನು ವಾಚಕರ ಮುಂದಿಟ್ಟರೆ, ಮನೆಯಲ್ಲಿ ಸಂಗೀತ ಕೇಳುವ ಗೃಹಸ್ಥರಿಗೆ ಇಂಥ ಯಂತ್ರಗಳನ್ನು ಹೋಲಿಸಿ ನೋಡುವ ರೀತಿಯು ತಿಳಿಯಬಹುದು. ಮಕ್ಕಳಿಗೆ ಪಾಠ ಹೇಳುವವರಿಗೆ ಒಂದು ಎಚ್ಚರಿಕೆಯೂ ದೊರೆಯಬಹುದು.

ನಾನು ರಾಯಬಾಗದಲ್ಲಿರುವವನು. ಮೂವತ್ತಕ್ಕೆ ಮಿಕ್ಕಿದ ವರ್ಷಗಳನ್ನು ಸಂಸ್ಕೃತ ಮತ್ತು ಕನ್ನಡ ಕಲಿಸುವದರಲ್ಲಿ, ಅದರಲ್ಲಿಯೂ ಬಹುಭಾಗವನ್ನು ಅಥಣಿಯಲ್ಲಿ, ಕಳೆದು ಈಗ ವಿಶ್ರಾಂತನಾಗಿರುವೆನು. ನನ್ನ ಷಷ್ಟ್ಯಬ್ದಿಯ ಕಾಲಕ್ಕೆ ಪುಣೆಯಲ್ಲಿರುವ ಮಗನು, "ಅಪ್ಪಾ, ಶಾಲು ಹೊದಿಸೋದು ಎಲ್ಲಾರೂ ಮಾಡ್ತಾರ. ನಿಮಗ ಹಾಡು ಕೇಳೋ ಹುಚ್ಚ ಐತಿ. ಒಂದು ಜೋಡಿ ಛಲೋ ಸ್ಪೀಕರ ಕೊಡಸ್ತೀನಿ. ನಿಮ್ಮ ಕಿವಿಗೆ ಯಾವುದು ಒಪ್ಪತೈತಿ ಹೇಳ್ರಿ" ಎಂದನು. ನಿಮ್ಮ ಕಿವಿಗೆ ಎಂಬ ಮಾತಿನಿಂದ ನಾನು ಉಬ್ಬಿದೆನು. ಯಾಕಂದರೆ ತಾಲವ್ಯ ಶಕಾರ, ಮೂರ್ಧನ್ಯ ಷಕಾರ, ದಂತ್ಯ ಸಕಾರ ಈ ಮೂರರ ಭೇದವನ್ನು ತರಗತಿಯ ಕಡೆಯ ಹಲಗೆಯಿಂದಲೂ ಕೇಳಿ ಹಿಡಿಯುವ ಮಾಸ್ತರನೆಂದು ನನಗೆ ಹೆಸರಿದ್ದಿತು. ಆ ಹೆಸರನ್ನು ನಾನೇ ಎಲ್ಲರಿಗಿಂತ ಹೆಚ್ಚು ನಂಬಿದ್ದೆನು.

ನಮ್ಮ ಸೀಮೆಯವರಿಗೆ ಕಿವಿಯ ಅಭಿಮಾನವಿರುವದು ಸಹಜವೇ. ಕಾಗವಾಡದ ಗಡಿಯನ್ನು ದಾಟಿದರೆ ಮಿರಜವು ಕೆಲವೇ ಹರದಾರಿಯ ಮೇಲಿದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ ಖಾನ ಸಾಹೇಬರು ನೆಲೆನಿಂತ ಊರು ಅದು. ಅವರು 1937ರಲ್ಲಿ ತೀರಿಕೊಂಡರೂ ಅವರ ಸ್ಮರಣೆಗಾಗಿ ಅಲ್ಲಿಯ ದರ್ಗೆಯಲ್ಲಿ ಗವಾಯಿಗಳು ಇಂದಿಗೂ ಹಾಡುತ್ತಲಿರುವರು. ತಂಬೂರಿಗೂ ಸಿತಾರಕ್ಕೂ ಅದು ತವರು. ಮೊದಲು ಶಸ್ತ್ರಗಳನ್ನು ಸಾಣೆಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ವಾದ್ಯಗಳನ್ನು ಮಾಡತೊಡಗಿದರು. ಪಂಢರಪುರದ ಕಡೆಯ ದೊಡ್ಡ ಬುರುಡೆಗಳಿಂದ ಆ ಕೆಲಸವು ಇನ್ನೂ ನಡೆದಿದೆ. ಕಾಗವಾಡದಲ್ಲಿ ನನ್ನ ಅಕ್ಕನ ಮನೆಯಲ್ಲಿರುವ ತಂಬೂರಿಯೂ ಮಿರಜದ್ದೇ. ಚಿಕ್ಕವನಿದ್ದಾಗ ಅದರ ಜವಾರಿಯನ್ನು ಸರಿಮಾಡಿಸಲು ಹೋಗುವವರ ಸಂಗಡ ಹೋಗಿ, ಕುದುರೆಯನ್ನು ಎಷ್ಟು ಉಜ್ಜಬೇಕು, ತಂತಿಯ ಕೆಳಗೆ ದಾರದ ಎಳೆಯನ್ನು ಎಲ್ಲಿ ಸರಿಸಬೇಕು ಎಂಬುದನ್ನು ನೋಡುತ್ತ ಕುಳಿತಿರುತ್ತಿದ್ದೆನು. ಎಳೆಯು ಕೂದಲಿನಷ್ಟು ಸರಿದರೆ ಸಾಕು, ಮೂಕವಾಗಿದ್ದ ತಂತಿಯಿಂದ ಜೇನುಹುಟ್ಟಿನ ಗುಂಜಾರವು ಹೊರಡುವದು.

ಈ ಗುಂಜಾರವು ಬರಿಯ ಕಿವಿಯ ಭ್ರಮೆಯಲ್ಲ. ಸರ್ ಚಂದ್ರಶೇಖರ ವೆಂಕಟರಾಮನ್‌ರವರು ತಂಬೂರಿ ಮತ್ತು ವೀಣೆಗಳನ್ನು ಪರೀಕ್ಷಿಸಿ, ಅವುಗಳ ಬಾಗಿದ ಅಗಲವಾದ ಕುದುರೆಯಿಂದಾಗಿ, ಸಾಮಾನ್ಯ ನಿಯಮದಂತೆ ತಂತಿಯಲ್ಲಿ ಇರಕೂಡದ ಉಪಸ್ವರಗಳು ಕೂಡ ಹೊರಡುತ್ತವೆಂದು 1921ರಲ್ಲಿಯೇ ತೋರಿಸಿಕೊಟ್ಟಿರುವರು. ಮಂದ್ರದಿಂದ ಅತಿತಾರದ ವರೆಗೆ ಇಷ್ಟೊಂದು ಸ್ವರಗಳು ಒಟ್ಟಿಗೆ ಹೊರಡುವದರಿಂದ, ಸ್ಪೀಕರನ್ನು ಪರೀಕ್ಷಿಸುವದಕ್ಕೆ ತಂಬೂರಿಗಿಂತ ಒಳ್ಳೆಯ ಒರೆಗಲ್ಲು ಇರಲಾರದೆಂದು ನಾನು ನಿಶ್ಚಯಿಸಿದೆನು. ಈ ನಿಶ್ಚಯದಲ್ಲಿ ತಪ್ಪಿರಲಿಲ್ಲ. ತಪ್ಪು ಬೇರೆ ಕಡೆಗಿತ್ತು.

ಪರೀಕ್ಷೆಯ ಕಥೆಗೆ ಮೊದಲು ಈ ಯಂತ್ರಗಳ ಜಾತಿಭೇದವನ್ನು ಸ್ವಲ್ಪದರಲ್ಲಿ ಹೇಳುವದು ಅವಶ್ಯ. 1925ರಲ್ಲಿ ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ ಕ್ರಮವೇ ಇಂದಿಗೂ ಬಹುತೇಕ ಸ್ಪೀಕರುಗಳಿಗೆ ಮೂಲವಾಗಿದೆ. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಶಂಕು. ವಿದ್ಯುತ್ತು ಅಲುಗಿದಂತೆ ಶಂಕು ಅಲುಗುವದು, ಶಂಕು ಅಲುಗಿದಂತೆ ಗಾಳಿಯು ಅಲುಗುವದು. ಆದರೆ ಮಂದ್ರಕ್ಕೆ ದೊಡ್ಡ ಶಂಕು ಬೇಕು, ತಾರಕ್ಕೆ ಸಣ್ಣದು ಬೇಕು. ಆದಕಾರಣ ಒಂದು ಪೆಟ್ಟಿಗೆಗೆ ಎರಡು ಬಾಯಿಗಳನ್ನಿಟ್ಟು ಸ್ವರಗಳನ್ನು ಹಂಚುವರು. ಈ ಹಂಚಿಕೆಯ ಮೇರೆಯು ಸಾಮಾನ್ಯವಾಗಿ ಸೆಕೆಂಡಿಗೆ 2000ದಿಂದ 3000 ಕಂಪನಗಳ ಸುಮಾರಿನಲ್ಲಿ ಬೀಳುವದು. ಮನುಷ್ಯನ ವ್ಯಂಜನಗಳು ಸ್ಪಷ್ಟವಾಗುವ ಸ್ಥಳವೂ ಅದರ ಆಸುಪಾಸಿನಲ್ಲಿಯೇ ಇರುವದು. ಎರಡು ಎತ್ತುಗಳು ಹೆಜ್ಜೆಗೂಡದಿದ್ದರೆ ಗಾಡಿಯು ಎಳೆದಾಡುವಂತೆ, ಎರಡು ಬಾಯಿಗಳು ಹೊಂದದಿದ್ದರೆ ಮಾತು ಒಡೆಯುವದು.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಕಂಠಧ್ವನಿಗಳನ್ನು ವಿಂಗಡಿಸಿರುವನು. ಕಫದಿಂದ ಹುಟ್ಟಿದ ಸ್ನಿಗ್ಧ ಮಧುರ ಧ್ವನಿಯು ಖಾಹುಲ; ಪಿತ್ತದಿಂದ ಹುಟ್ಟಿ ಮೂರು ಸ್ಥಾಯಿಗಳಲ್ಲಿಯೂ ಘನವಾಗಿರುವದು ನಾರಾಟ; ವಾತದಿಂದ ಹುಟ್ಟಿದ ಟೊಳ್ಳು ಪರುಷ ಧ್ವನಿಯು ಬೊಂಬಕ; ಬೆರಕೆಯು ಮಿಶ್ರಕ. ಯಂತ್ರಗಳಿಗೂ ಇಂಥ ಪ್ರಕೃತಿಗಳಿವೆಯೆಂದರೆ ವಾಚಕರು ನಗಬಾರದು. 1946ರಲ್ಲಿ ಪಾಲ್ ಕ್ಲಿಪ್ಷ್ ಎಂಬವನು ಮನೆಯ ಮೂಲೆಯನ್ನೇ ಕಹಳೆಯ ಬಾಯಿಯಂತೆ ಉಪಯೋಗಿಸುವ ದೊಡ್ಡ ಸ್ಪೀಕರನ್ನು ಹೊರತಂದನು. ಅತಿ ಕಡಿಮೆ ವಿದ್ಯುತ್ತಿನಲ್ಲಿ ಎದುರಿಗೆ ಮೇಳವೇ ಕುಳಿತಂತೆ ಅದು ಘನವಾಗಿ ಧ್ವನಿಸುವದೆಂದು ಪ್ರಸಿದ್ಧಿ. 1954ರಲ್ಲಿ ಎಡ್ಗರ್ ವಿಲ್ಚರನು, ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಿಯ ಗಾಳಿಯನ್ನೇ ಶಂಕುವಿನ ಬೆನ್ನಿಗೆ ಸ್ಪ್ರಿಂಗಿನಂತೆ ಕೊಟ್ಟು, ಸಣ್ಣ ಪೆಟ್ಟಿಗೆಯಿಂದ ಗಂಭೀರ ಮಂದ್ರವನ್ನು ತೆಗೆದನು. 1957ರಲ್ಲಿ ಇಂಗ್ಲಂಡದ ಕ್ವಾಡ್ ಸಂಸ್ಥೆಯು ಪೆಟ್ಟಿಗೆಯನ್ನೇ ಬಿಟ್ಟು, ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ಅತಿ ತೆಳುವಾದ ಒಂದು ಹಾಳೆಯನ್ನು ವಿದ್ಯುದ್ಬಲದಿಂದ ಅಲುಗಿಸುವ ಸ್ಪೀಕರನ್ನು ಮಾರಾಟಕ್ಕೆ ತಂದಿತು. ಕಂಠಕ್ಕೂ ತಂತಿವಾದ್ಯಕ್ಕೂ ಅದು ಬಹು ನಿರ್ಮಲ, ಆದರೆ ಗುಡುಗಿನಂಥ ಶಬ್ದವನ್ನು ಅದರಿಂದ ಬಯಸಲಾಗದು. 1970ರ ನಂತರ ಬಿ.ಬಿ.ಸಿ.ಯ ಎಂಜಿನಿಯರರು ಹೊರಾಂಗಣ ಪ್ರಸಾರದ ವಾಹನಗಳಲ್ಲಿ ಇಡುವದಕ್ಕಾಗಿ ಎಲ್.ಎಸ್. 3/5ಎ ಎಂಬ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. ಮನುಷ್ಯನ ಮಾತು ಮನುಷ್ಯನ ಮಾತಿನಂತೆಯೇ ಕೇಳಬೇಕೆಂಬುದು ಅದರ ಪ್ರತಿಜ್ಞೆ. ಆದಕಾರಣ ಕ್ಲಿಪ್ಷನ ಕಹಳೆಯನ್ನು ನಾರಾಟವೆಂದೂ ಬಿ.ಬಿ.ಸಿ.ಯ ಪೆಟ್ಟಿಗೆಯನ್ನು ಖಾಹುಲವೆಂದೂ ಕರೆದರೆ ಶಾರ್ಙ್ಗದೇವನು ಸಿಟ್ಟಾಗಲಾರನು.

ನಿಪ್ಪಾಣಿಯಲ್ಲಿ ನನ್ನ ಸ್ನೇಹಿತರೊಬ್ಬರಿರುವರು. ತಂಬಾಕಿನ ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿ ಸಂಗೀತದಲ್ಲಿ ಕಾಲ ಕಳೆಯುವವರು. ಅವರ ಮನೆಯಲ್ಲಿ ಎರಡು ಜೋಡಿ ಸ್ಪೀಕರುಗಳು. ಒಂದು ಜೋಡಿಯು ಬೀಟೆಯ ಬಣ್ಣದ ಪೆಟ್ಟಿಗೆಯದು. ಅದರ ಬೆಲೆಗೆ ಒಂದು ಮೋಟಾರಗಾಡಿಯು ಬರುವದು. ಇನ್ನೊಂದು ಅವರ ಮಗನು ತಂದದ್ದು, ಕಪ್ಪು ಬಣ್ಣದ್ದು, ಬೆಲೆಯಲ್ಲಿ ಮೊದಲನೆಯದರ ಹತ್ತನೆಯ ಪಾಲೂ ಇಲ್ಲ. "ಎರಡನ್ನೂ ಕೇಳ್ರಿ, ಆಮ್ಯಾಲ ಮಗಗ ಹೇಳ್ರಿ" ಎಂದು ಅವರು ಕರೆದರು. ತಂತಿಗಳನ್ನು ಜೋಡಿಸಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಸಂಗಡ ಕರೆದುಕೊಂಡೆನು. ಅವನು ಮೈಕ್‌ಸೆಟ್ಟಿನ ಉದ್ಯೋಗದವನು; ಭಾರತ ಹುಣ್ಣಿಮೆಗೆ ನಮ್ಮ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಯಲ್ಲಿ ಕಹಳೆಗಳನ್ನು ಕಟ್ಟುವವರಲ್ಲಿ ಒಬ್ಬ. ಹನ್ನೆರಡು ವರ್ಷದ ಮೊಮ್ಮಗಳೂ ಹಟಮಾಡಿ ಗಾಡಿ ಹತ್ತಿದಳು. ಅಕ್ಕನ ತಂಬೂರಿಯ ನಾದವನ್ನೂ, ಅದರ ಸಂಗಡ ಮೊಮ್ಮಗಳು ಓದಿದ ಕೆಲವು ಶಬ್ದಗಳನ್ನೂ ಕಾಗವಾಡದ ಹೊಲದಲ್ಲಿ, ಗೋಡೆಗಳ ಮಾರ್ದನಿಯು ಸೇರದ ಬಯಲಿನಲ್ಲಿ, ಮುಂಚಿತವಾಗಿ ಧ್ವನಿಮುದ್ರಿಸಿಕೊಂಡಿದ್ದೆವು. ಶಬ್ದಗಳನ್ನು ಆರಿಸಿದವನು ನಾನೇ: ಸಕಲ, ಶಕಲ, ಸ್ವಜನ, ಶ್ವಜನ, ಸಕೃತ್, ಶಕೃತ್. ಮೊದಲಿನವು ಎಲ್ಲ, ತನ್ನವರು, ಒಂದು ಸಲ. ಎರಡನೆಯವು ಚೂರು, ನಾಯಿ, ಸಗಣಿ. ತಂದೆಯೊಬ್ಬನು ಮಗನಿಗೆ, ಹೆಚ್ಚು ಓದದಿದ್ದರೂ ಇಷ್ಟನ್ನು ಕೆಡಿಸದಷ್ಟು ವ್ಯಾಕರಣ ಕಲಿ ಎಂದು ಹೇಳುವ ಸುಭಾಷಿತವನ್ನು ಬಲ್ಲವರಿಗೆ ಇವು ಪರಿಚಿತವೇ.

ಮೊದಲು ಕಣ್ಣು ತೆರೆದು ಕೇಳಿದೆವು. ಬೀಟೆಯ ಪೆಟ್ಟಿಗೆಯು ನನಗೆ ಸ್ನಿಗ್ಧವಾಗಿ, ಗಂಭೀರವಾಗಿ, ಕುಲೀನವಾಗಿ ಕೇಳಿಸಿತು. ಕಪ್ಪು ಪೆಟ್ಟಿಗೆಯು ಅಗ್ಗದ ಸರಕಿನಂತೆ ಕೇಳಿಸಿತು. ನಾನು ಹತ್ತು ನಿಮಿಷ ವ್ಯಾಖ್ಯಾನವನ್ನೇ ಮಾಡಿದೆನು. ಸ್ನೇಹಿತರು ತಲೆದೂಗಿದರು. ಆಗ ನನ್ನ ವಿದ್ಯಾರ್ಥಿಯು ನಮ್ರತೆಯಿಂದ, "ಗುರುಗಳ, ಒಂದು ಸಲ ಪರದೆ ಕಟ್ಟಿ ಕೇಳೋಣೇನ್ರೀ?" ಎಂದನು. ಕೆನಡಾದ ಫ್ಲಾಯ್ಡ್ ಟೂಲ್ ಮತ್ತು ಅವನ ಸಹಾಯಕ ಶಾನ್ ಆಲಿವ್ ಎಂಬವರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಅವನು ತಿಳಿದಿದ್ದನು: ಅದೇ ಸ್ಪೀಕರುಗಳನ್ನು ಅದೇ ಜನರು ಕಂಡು ಕೇಳಿದಾಗ ಕೊಟ್ಟ ಗುಣಗಳೇ ಬೇರೆ, ಪರದೆಯ ಹಿಂದೆ ಇಟ್ಟು ಕೇಳಿಸಿದಾಗ ಕೊಟ್ಟವೇ ಬೇರೆ. ಕಣ್ಣು ಕಿವಿಗೆ ಲಂಚ ಕೊಡುವದು ಎಂದು ಇದರ ಸಾರ.

ತೆಳುವಾದ ಎರಡು ಧೋತರಗಳನ್ನು ಅಡ್ಡಗಟ್ಟಿದೆವು. ಅವನು ಮಾಪಕವನ್ನು ಹಿಡಿದು ಎರಡೂ ಜೋಡಿಗಳ ಶಬ್ದದ ಪ್ರಮಾಣವನ್ನು ಸಮಮಾಡಿದನು. ಯಾಕಂದರೆ ಎರಡರಲ್ಲಿ ಒಂದು ಕೊಂಚ ದೊಡ್ಡದಾಗಿ ಕೇಳಿಸಿದರೂ, ದೊಡ್ಡದಾಗಿದೆ ಎನ್ನದೆ, ಚೆನ್ನಾಗಿದೆ ಎಂದೇ ನಾವು ಅನ್ನುವೆವಂತೆ. ಪರದೆಯ ಹಿಂದೆ ಜಾಗಗಳನ್ನೂ ಅದಲುಬದಲು ಮಾಡಿದನು. ಒಂದೇ ಶಬ್ದಗಳನ್ನು ಎಂಟು ಸಲ ಕೇಳಿಸಿದನು. ನಾನೂ ಮೊಮ್ಮಗಳೂ ಬೇರೆ ಬೇರೆ ಹಾಳೆಗಳಲ್ಲಿ ಅಭಿಪ್ರಾಯವನ್ನು ಬರೆದೆವು. ಎಂಟರಲ್ಲಿ ಆರು ಸಲ ನಾನು ಒಂದೇ ಜೋಡಿಯನ್ನು ಮೆಚ್ಚಿ, ಶಕಾರ ಸಕಾರಗಳು ಸ್ಪಷ್ಟ, ತಂಬೂರಿಯು ಜೀವಂತ ಎಂದು ಬರೆದಿದ್ದೆನು. ಇನ್ನೊಂದಕ್ಕೆ ಮಬ್ಬು ಎಂದು ಬರೆದಿದ್ದೆನು. ಪರದೆ ಸರಿಸಿದಾಗ ನಾನು ಮೆಚ್ಚಿದ್ದು ಕಪ್ಪು ಪೆಟ್ಟಿಗೆ. ಮಬ್ಬು ಎಂದದ್ದು ಬೀಟೆಯದು! ಮೊಮ್ಮಗಳ ಹಾಳೆಯಲ್ಲಿ ಕಪ್ಪು ಪೆಟ್ಟಿಗೆಗೆ ಎಂಟು ಸಲವೂ ಒಂದೇ ತೀರ್ಪು: ಸ ಎನ್ನುವಾಗ ಸೂಜಿ ಚುಚ್ಚಿದಂತೆ ಆಗುವದು. ಅವಳು ಬೀಟೆಯದನ್ನೇ ಮೆಚ್ಚಿ, "ಅಜ್ಜಾ, ಇದರಾಗ ನಮ್ಮ ಕಾಗವಾಡದ ತಂಬೂರಿ ಹೆಂಗ ಐತಿ ಹಂಗ ಕೇಳತೈತಿ" ಎಂದಳು.

ನಾನು ಕೂಸಿನ ಮಾತೆಂದು ನಕ್ಕುಬಿಡಲಿದ್ದೆನು. ಅಷ್ಟರಲ್ಲಿ ವಿದ್ಯಾರ್ಥಿಯು, ಸೆಕೆಂಡಿಗೆ ಇಷ್ಟು ಕಂಪನಗಳೆಂದು ಗೊತ್ತುಪಡಿಸಿದ ಶುದ್ಧ ಸ್ವರಗಳನ್ನು ಒಂದೊಂದಾಗಿ ಬಿಟ್ಟು ಮಾಪಕವನ್ನು ತೋರಿಸಿದನು. ಬೀಟೆಯ ಪೆಟ್ಟಿಗೆಯು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಕೊಡುತ್ತಿತ್ತು. ಕಪ್ಪು ಪೆಟ್ಟಿಗೆಯು 4000 ಕಂಪನಗಳ ಹತ್ತಿರ ದಿಬ್ಬದಂತೆ ಉಬ್ಬುತ್ತಿತ್ತು. ಸಕಾರದ ಸೀತ್ಕಾರವು ಮುಖ್ಯವಾಗಿ ಇರುವದು ಅಲ್ಲಿ ಮತ್ತು ಅದಕ್ಕಿಂತ ಮೇಲೆಯೇ. ಹಳೆಯ ಟೆಲಿಫೋನು 3400ರ ಮೇಲಿನದನ್ನು ಸಾಗಿಸದೆ ಇದ್ದುದರಿಂದಲೇ ಅದರಲ್ಲಿ ಸ ಮತ್ತು ಫ ಒಂದೇ ಆಗಿ ಕೇಳುತ್ತಿದ್ದವು. ಆಮೇಲೆ ಅವನು 8000ದ ಸ್ವರವನ್ನು ಬಿಟ್ಟನು. ನನಗೆ ದೂರದ ಸೊಳ್ಳೆಯಂತೆ ಕೇಳಿಸಿತು. ಮುಂದಿನದಕ್ಕಾಗಿ ಕಾಯುತ್ತ ಕುಳಿತು, "ಯಾವಾಗ ಸುರುಮಾಡ್ತೀಯೋ?" ಎಂದು ಕೇಳಿದೆನು. ಮೊಮ್ಮಗಳು ಎರಡೂ ಕಿವಿಗಳನ್ನು ಮುಚ್ಚಿಕೊಂಡಿದ್ದಳು. ಅವನು ತಲೆ ತಗ್ಗಿಸಿ, "ಆಗಲೇ ಬಾರಸಾಕತ್ತೈತ್ರಿ, ಗುರುಗಳ" ಎಂದನು. ಅದು 12000ದ ಸ್ವರವಾಗಿತ್ತು.

ಮರುವಾರ ಚಿಕ್ಕೋಡಿಯಲ್ಲಿ ಕಿವಿಯ ವೈದ್ಯರಿಗೆ ತೋರಿಸಿದೆನು. ಮುಚ್ಚಿದ ಕೋಣೆಯಲ್ಲಿ ಕೂಡ್ರಿಸಿ ಅವರು ತೆಗೆದ ರೇಖೆಯು 2000ದ ವರೆಗೆ ನೆಟ್ಟಗಿದ್ದು, ಮುಂದೆ ಬಾವಿಯ ಪಾವಟಿಗೆಗಳಂತೆ ಇಳಿದುಹೋಗಿದ್ದಿತು. ಒಳಗಿವಿಯಲ್ಲಿ ಶಂಖದಾಕಾರದ ಅಂಗವೊಂದಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳಲ್ಲಿ ತಾರಸ್ವರಗಳನ್ನು ಹಿಡಿಯುವಂಥವು ಬಾಗಿಲ ಬಳಿಯಲ್ಲಿಯೇ ಇರುವವು. ವಯಸ್ಸಿನಿಂದ ಮೊದಲು ನಾಶವಾಗುವವು ಅವೇ. ಹೋದವು ತಿರುಗಿ ಹುಟ್ಟುವದಿಲ್ಲ. ನನ್ನ ಕಿವಿಯಲ್ಲಿ 4000ದ ಹತ್ತಿರ ತಗ್ಗು. ಕಪ್ಪು ಪೆಟ್ಟಿಗೆಯಲ್ಲಿ 4000ದ ಹತ್ತಿರ ದಿಬ್ಬ. ದಿಬ್ಬದ ಮಣ್ಣು ತಗ್ಗಿಗೆ ಬಿದ್ದು ನೆಲವು ಸಮವಾದಂತೆ ನನಗೆ ತೋರಿತು. ನಾನು ಮೆಚ್ಚಿದ್ದು ಸ್ಪೀಕರಿನ ಗುಣವನ್ನಲ್ಲ, ನನ್ನ ಕೊರತೆಗೆ ಒಪ್ಪುವ ಅದರ ದೋಷವನ್ನು.

ತಿರುಗಿ ಬರುವಾಗ ಗಾಡಿಯಲ್ಲಿ ವಿದ್ಯಾರ್ಥಿಯನ್ನು, "ಇಷ್ಟೆಲ್ಲಾ ಮಾಪಕ ಹಿಡಿದು ನೋಡೋದು ಎಲ್ಲಿ ಕಲತ್ಯೋ?" ಎಂದು ಕೇಳಿದೆನು. "ನನ್ನ ಕಿವಿ ಮ್ಯಾಲ ನನಗ ಭರೋಸಾ ಇಲ್ಲರೀ. ಸಣ್ಣಾಂವ ಇದ್ದಾಗ ಕಿವಿ ಸೋರತಿತ್ತು. ಎಡಗಿವಿ ಆವಾಗಿಂದ ಮಂದ ಐತ್ರಿ. ಅದಕ್ಕ ಯಂತ್ರಾ ಹಿಡಕೊಂಡೇ ಕೆಲಸಾ ಮಾಡ್ತೀನ್ರಿ" ಎಂದು ಸಹಜವಾಗಿ ಹೇಳಿದನು. ನನ್ನ ಎದೆ ಧಸಕ್ಕೆಂದಿತು.

1992ರ ಸುಮಾರಿನ ಅಥಣಿಯ ತರಗತಿಯು ಕಣ್ಣ ಮುಂದೆ ಬಂದಿತು. ಶುದ್ಧಲೇಖನದಲ್ಲಿ ಶಾಲೆಯನ್ನು ಸಾಲೆಯೆಂದೂ ಶೇಷವನ್ನು ಸೇಸವೆಂದೂ ಬರೆಯುವ ಹುಡುಗ. ಕಡೆಯ ಹಲಗೆಯಲ್ಲಿ ಗೋಡೆಯ ಪಕ್ಕಕ್ಕೆ ಕೂಡ್ರುತ್ತಿದ್ದವ. ಅವನ ಎಡಗಿವಿಯು ತರಗತಿಯ ಕಡೆಗೂ ಬಲಗಿವಿಯು ಗೋಡೆಯ ಕಡೆಗೂ ಇರುತ್ತಿತ್ತೆಂಬುದನ್ನು ಈಗ ಲೆಕ್ಕಹಾಕುತ್ತಿರುವೆನು, ಆಗ ಹಾಕಲಿಲ್ಲ. ನೂರು ನೂರು ಸಲ ತಿದ್ದಿ ಬರೆಯಿಸಿದೆನು. ಎಲ್ಲರೆದುರಿಗೆ, ನಿನ್ನ ಕಿವಿಯೊಳಗೆ ಅರಳೆ ತುರುಕಿರುವರೇನು ಎಂದು ಕೇಳಿ ನಗಿಸಿದೆನು. ಅವನು ಮುಂದಿನ ವರ್ಷ ಸಂಸ್ಕೃತವನ್ನು ಬಿಟ್ಟನು. ಮ್ಯಾಟ್ರಿಕ್ ಆದ ಮೇಲೆ ಶಾಲೆಯನ್ನೇ ಬಿಟ್ಟನು. ಕೇಳಿಸದಿದ್ದುದನ್ನು ಬರೆಯುವದು ಅವನಿಂದ ಹೇಗೆ ಆಗಬೇಕಾಗಿತ್ತು? ಧ್ವನಿಯಲ್ಲಿ ದೋಷವಿರಲಿಲ್ಲ, ಬುದ್ಧಿಯಲ್ಲಿ ದೋಷವಿರಲಿಲ್ಲ. ಇದ್ದ ದೋಷವನ್ನು ಮಾಸ್ತರನು ವಿಚಾರಿಸಲಿಲ್ಲ. ಅವನನ್ನು ಮುಂದಿನ ಹಲಗೆಗೆ, ಬಲಗಿವಿಯು ನನ್ನ ಕಡೆಗೆ ಬರುವಂತೆ ಕೂಡ್ರಿಸಿದ್ದರೆ ಬಹಳ ಮಟ್ಟಿಗೆ ತೀರುತ್ತಿತ್ತು. ಅದಕ್ಕೆ ಕಾಸೂ ಬೇಕಿರಲಿಲ್ಲ.

ರಾಯಬಾಗವು ಸಮೀಪಿಸಿದಾಗ ಇದನ್ನು ಅವನಿಗೆ ಹೇಳಿದೆನು, ತಪ್ಪಾಯಿತೆಂದೂ ಹೇಳಿದೆನು. ಅವನು ಬಹಳ ಹೊತ್ತು ರಸ್ತೆಯ ಕಡೆಗೆ ನೋಡುತ್ತಿದ್ದು, "ಇರಲಿ ಬಿಡ್ರಿ, ಗುರುಗಳ" ಎಂದನು. ಇರಲಿ ಎಂಬ ಆ ಮಾತಿನಲ್ಲಿ ಕ್ಷಮೆಯೆಷ್ಟು, ಸಂಕೋಚವೆಷ್ಟು ಎಂಬುದನ್ನು ಅಳೆಯುವ ಮಾಪಕವು ಅವನಲ್ಲಿಯೂ ಇಲ್ಲ, ನನ್ನಲ್ಲಿಯೂ ಇಲ್ಲ.

ಕೊನೆಗೆ ಬೀಟೆಯ ಪೆಟ್ಟಿಗೆಯಷ್ಟು ಬೆಲೆಯದನ್ನು ಕೊಳ್ಳಲಿಲ್ಲ. ಮಾಪಕದಲ್ಲಿ ಅದರಂತೆಯೇ ಸಮನಾಗಿ ನಡೆಯುವ, ಮಧ್ಯಮ ಬೆಲೆಯ ಒಂದು ಜೋಡಿಯನ್ನು ವಿದ್ಯಾರ್ಥಿಯೇ ಆರಿಸಿಕೊಟ್ಟನು. ಮೊಮ್ಮಗಳು ಪರದೆಯ ಈಚೆಗೆ ಕುಳಿತು ಒಪ್ಪಿಗೆಯಿತ್ತಳು. ನನ್ನ ಕಿವಿಗೆ ಹಿಡಿಸುವ ದಿಬ್ಬದ ಪೆಟ್ಟಿಗೆಯನ್ನು ತಂದಿದ್ದರೆ ಮನೆಯ ಉಳಿದವರೆಲ್ಲರೂ ಸೂಜಿಯ ಚುಚ್ಚುವಿಕೆಯನ್ನು ಸಹಿಸಬೇಕಾಗುತ್ತಿತ್ತು. ಮನೆಯ ಯಂತ್ರವು ಮನೆಯವರೆಲ್ಲರದು. ಆದಕಾರಣ ಅದು ಸಮವಾಗಿರಬೇಕು, ಕೊರತೆಯುಳ್ಳವನು ತನ್ನ ಕೊರತೆಗೆ ಬೇರೆ ಉಪಾಯವನ್ನು ಮಾಡಿಕೊಳ್ಳಬೇಕು.

ಗೃಹಸ್ಥರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವೆನು. ಅಂಗಡಿಯಲ್ಲಿ ಅವರು ಹಾಕಿದ ಅಬ್ಬರದ ಹಾಡನ್ನು ಕೇಳಿ ಮರುಳಾಗಬಾರದು. ನಿಮಗೆ ಚೆನ್ನಾಗಿ ಪರಿಚಯವಿರುವ ಕಂಠವನ್ನೋ ವಾದ್ಯವನ್ನೋ ಒಯ್ಯಬೇಕು. ಎರಡನ್ನು ಹೋಲಿಸುವಾಗ ಶಬ್ದದ ಪ್ರಮಾಣವು ಸಮವಾಗಿರಲಿ. ಬೆಲೆಯೂ ಹೆಸರೂ ಕಣ್ಣಿಗೆ ಬೀಳದಿರಲಿ. ಮೂರನೆಯದಾಗಿ, ಕೋಣೆಯನ್ನೂ ಸ್ಪೀಕರಿನ ಒಂದು ಭಾಗವೆಂದೇ ಎಣಿಸಬೇಕು. ಹನ್ನೊಂದು ಅಡಿ ಉದ್ದದ ಕೋಣೆಯು 50 ಕಂಪನಗಳ ಸುಮಾರಿನ ಮಂದ್ರವನ್ನು ತಾನಾಗಿಯೇ ಉಬ್ಬಿಸುವದು. ಸಿಮೆಂಟಿನ ಗಿಲಾವು, ನುಣುಪಾದ ಫರಸಿಗಳು ತಾರವನ್ನು ಚೆಂಡಿನಂತೆ ಪುಟಿಸುವವು. ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ಪೀಡೆಯು ಕಡಿಮೆಯಿದ್ದಿತು. ಈಗಿನ ಮನೆಯಲ್ಲಿ ನೆಲಕ್ಕೊಂದು ಜಮಖಾನೆ, ಎದುರಿನ ಗೋಡೆಗೆ ಅಜ್ಜಿ ಹೊಲಿದ ಒಂದು ದಪ್ಪ ಕೌದಿ ಹಾಕಿದರೆ ಸಾವಿರಾರು ರೂಪಾಯಿಗಳ ಕೆಲಸವಾಗುವದು. ನಾಲ್ಕನೆಯದು, ಐವತ್ತು ದಾಟಿದವರು ಸ್ಪೀಕರಿಗೆ ಹಣ ತೆಗೆದಿಡುವ ಮೊದಲು ಕಿವಿಯನ್ನು ಒಮ್ಮೆ ತೋರಿಸಿಕೊಳ್ಳುವದು ಒಳಿತು. ಶಾಲೆಗೆ ಹೋಗುವ ಕೂಸಿನ ಕಿವಿ ಸೋರುತ್ತಿದ್ದರೆ, ಬೆಳೆದಂತೆ ಹೋಗುವದೆಂದು ಸುಮ್ಮನಿರದೆ, ಅಂದೇ ತೋರಿಸಬೇಕು.

ವೈದ್ಯರು ಶ್ರವಣಯಂತ್ರದ ಮಾತೆತ್ತಿರುವರು. ಅದನ್ನು ಇಷ್ಟರಲ್ಲಿಯೇ ಹಾಕಿಸಿಕೊಳ್ಳಲಿರುವೆನು. ಅಲ್ಲಿಯವರೆಗೆ ಒಂದು ಉಪಾಯವನ್ನು ಮಾಡಿಕೊಂಡಿದ್ದೇನೆ. ಕೇಳುವವನು ಸ್ಪೀಕರಿಗೆ ಸಮೀಪವಾದಷ್ಟೂ ಗೋಡೆಗಳ ಮಾರ್ದನಿಯು ಕಡಿಮೆಯಾಗಿ ನೇರವಾದ ಧ್ವನಿಯು ಹೆಚ್ಚುವದು. ಆದುದರಿಂದ ಪಡಸಾಲೆಯಲ್ಲಿ ಹಿಂದೆ ಗೋಡೆಗೆ ಆತುಕೊಂಡಿದ್ದ ನನ್ನ ಕುರ್ಚಿಯನ್ನು ತೆಗೆದು ಸ್ಪೀಕರುಗಳ ಎದುರಿಗೆ ನಾಲ್ಕು ಮೊಳದ ಅಂತರದಲ್ಲಿ ಹಾಕಿಸಿದ್ದೇನೆ. ಮೊಮ್ಮಗಳು ಹಿಂದೆ ಎಲ್ಲಿಯಾದರೂ ಉರುಳಿಕೊಂಡು ಕೇಳುವಳು. ಅವಳಿಗೆ ಅಲ್ಲಿಂದಲೂ ತಂಬೂರಿಯ ಗುಂಜಾರವು ಪೂರ್ತಿಯಾಗಿ ಕೇಳುವದು. ನಾನು ಮಾತ್ರ ದಿನಾಲು ಸಂಜೆ ಮುಂದಿನ ಹಲಗೆಯಲ್ಲಿ ಕುಳಿತು ಕೇಳುತ್ತಿರುವೆನು.